ಆರೋಪಿಯ ಬಾಯಿ

"ಕೋಳಿ ಕದ್ದಿದ್ದು ನೀನೇ ತಾನೇ? ಬೊಗಳು!" ಕಾನೂನು ತರಗತಿಯ ಅಣಕು ನ್ಯಾಯಾಲಯದಲ್ಲಿ ನ್ಯಾಯಾಧೀಶರ ಕುರ್ಚಿಯಿಂದ ಪ್ರೊಫೆಸರ್ ಝಾಂಬೋ ಫ್ರೆಂಚಿನಲ್ಲಿ ಗದರಿಸಿದಾಗ, ಆರೋಪಿಯಾಗಿ ನಿಂತಿದ್ದ ಸಹಪಾಠಿ ಎವೂನಾ ಬಾಯಿ ತೆರೆದ. ಅವನ ವಕೀಲೆಯಾಗಿದ್ದ ಬಿಹ್‌ಗೆ ಮೈಯೆಲ್ಲ ಉರಿದುಹೋಯಿತು.

"ಇವತ್ತಿನ ಪರೀಕ್ಷೆ ಇಂಗ್ಲಿಷ್ ಪದ್ಧತೀದು, ಸರ್. ಅಲ್ಲಿ ಪ್ರಶ್ನೆ ಕೇಳೋದು ವಕೀಲರು. ಆರೋಪಿ ಬಾಯಿ ಬಿಡಲೇಬೇಕಂತಲೂ ಇಲ್ಲ. ಪಾಠ ಮಾಡಿದ್ದು ನೀವೇ!"

"ಬಂದಳಪ್ಪಾ ಬಮೆಂಡಾದ ಇಂಗ್ಲಿಷಮ್ಮ, ಬುದ್ಧಿ ಹೇಳೋಕೆ!" ಎಂದು ಇಂಗ್ಲಿಷ್ ಆಡುವ ಅವಳ ಊರನ್ನು ಹಂಗಿಸಿ ಯಾರೋ ಕೂಗಿದರು. ಫ್ರೆಂಚ್, ಇಂಗ್ಲಿಷ್ ಎರಡೂ ಕಾನೂನುಗಳನ್ನು ಆಯಾ ಭಾಷೆಯಲ್ಲೇ ಕಲಿಸುವ ಆ ತರಗತಿ ಗೊಳ್ಳೆಂದಿತು. ಎವೂನಾನೂ ನಕ್ಕ. ಝಾಂಬೋ ಅಂಕಪಟ್ಟಿಯ ಮೇಲೆ ಪೆನ್ನೂರಿದರು. "ಇದು ಯಾವುಂಡೆ ಕಣಮ್ಮಾ, ಫ್ರೆಂಚ್ ನಡೆಯೋ ರಾಜಧಾನಿ. ಕೂತ್ಕೋ, ಇಲ್ಲಾಂದ್ರೆ ಇಬ್ಬರಿಗೂ ಸೊನ್ನೆ."

ಬಿಹ್ ಕೂರಲಿಲ್ಲ. ಎವೂನಾನ ಕಡೆ ತಿರುಗಿ, ಬೆರಳನ್ನು ತುಟಿಯ ಮೇಲಿಟ್ಟಳು.

"ಹೇಳೋ! ಕದ್ದೆಯಾ?" ಝಾಂಬೋ ಮತ್ತೆ ಗದರಿಸಿದರು.

ಎವೂನಾ ಪೆನ್ನನ್ನೊಮ್ಮೆ, ಆ ಬೆರಳನ್ನೊಮ್ಮೆ ನೋಡಿದ. ಅವನ ನಗು ಇಳಿಯಿತು. ಕೈ ಕಟ್ಟಿ, ಬಾಯಿ ಮುಚ್ಚಿ ನಿಂತ.