ಸ್ವಿಚ್ಚಿಗಿಟ್ಟ ಕುಂಕುಮ

ತಟ್ಟೆಯಲ್ಲಿದ್ದ ನೂರು ಸ್ವಿಚ್ಚುಗಳಲ್ಲಿ ಪರೀಕ್ಷೆಗೆ ಬಂದ ಅಧಿಕಾರಿ ಮಂಜುಶ್ರೀ ಮೇಡಂ ಸರಿಯಾಗಿ ಅದನ್ನೇ ಎತ್ತಿಕೊಂಡಾಗ ಚಿಕ್ಕಬೋರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆಳಿಗ್ಗೆ ಶುಕ್ರವಾರದ ಪೂಜೆ ಮಾಡುವಾಗ, ಇವತ್ತು ಪರೀಕ್ಷೆ ಎಂಬ ಸಡಗರದಲ್ಲಿ ಆ ಸ್ವಿಚ್ಚಿಗೂ ಕುಂಕುಮ ಇಟ್ಟಿದ್ದಳು. ಕೈ ಸ್ವಲ್ಪ ಧಾರಾಳವಾಯಿತು. ಒರೆಸೋಣವೆಂದು ಸೆರಗು ಆಡಿಸಿದರೆ, ಮೇಲಿದ್ದ ಪುಡಿಯೆಲ್ಲ ಗುಂಡಿಯ ಪಕ್ಕದ ಸಂದಿನಿಂದ ಒಳಗೆ ಹೋಗಿ ಕೂತಿತ್ತು.

ಶಿವಪುರದ ಆ ತಗಡಿನ ಶೆಡ್ಡಿನಲ್ಲಿ ಅದರ ಒಡತಿ ತರನ್ನುಮ್, ಮಿಕ್ಸಿಯ ಸ್ವಿಚ್ಚು ಮಾಡಿಸುತ್ತಿದ್ದಳು. ಜೋಡಿಸುವ ಹನ್ನೊಂದು ಹೆಂಗಸರಲ್ಲಿ ಚಿಕ್ಕಬೋರಮ್ಮನೇ ಹಿರಿಯಳು. ಐಎಸ್‌ಐ ಗುರುತಿಲ್ಲದ ಸ್ವಿಚ್ಚನ್ನು ಇನ್ನು ಮುಟ್ಟುವುದಿಲ್ಲವೆಂದು ಮಿಕ್ಸಿ ಕಂಪನಿಯವರು ಕಡ್ಡಿ ಮುರಿದಂತೆ ಹೇಳಿದ್ದರು. ಇವತ್ತು ಈ ಅಧಿಕಾರಿಯ ಎದುರು ಪಾಸಾದರೆ ಗುರುತಿಗೆ ದಾರಿ, ನಪಾಸಾದರೆ ಶೆಡ್ಡಿಗೆ ಬೀಗ.

ಮೇಡಂ ಸ್ವಿಚ್ಚಿನ ಬೆನ್ನಿಗೆ ಸಹಿ ಹಾಕಿ ಯಂತ್ರಕ್ಕೆ ಸಿಕ್ಕಿಸಿದರು. ಪೂರ್ತಿ ಕರೆಂಟು ಹಾಯಿಸಿ, ಕಬ್ಬಿಣದ ಬೆರಳಿನಿಂದ ನಿಮಿಷಕ್ಕೆ ಮೂವತ್ತು ಸಲದಂತೆ ಹತ್ತು ಸಾವಿರ ಸಲ ಒತ್ತಿಸಬೇಕು. ಕೊನೆಗೆ ಸ್ವಿಚ್ಚಿನ ಬಿಸಿ ಕೋಣೆಯ ಬಿಸಿಗಿಂತ ಐವತ್ತೈದು ಡಿಗ್ರಿಯ ಮೇಲೆ ಏರಬಾರದು. ಟಕ್, ಟಕ್ ಶುರುವಾಯಿತು. ಬೆಸಗರಹಳ್ಳಿ ಬಸ್ಸಿನ ಕಂಡಕ್ಟರನ್ನೇ ಗದರಿಸಿ ಸೀಟು ಹಿಡಿಯುವ ಚಿಕ್ಕಬೋರಮ್ಮ ತುಟಿ ಹೊಲಿದುಕೊಂಡು ಕೂತಳು.

ಅವಳಿಗೂ ಈ ಬಗೆಯ ಸ್ವಿಚ್ಚಿಗೂ ಮೊದಲಿಂದಲೂ ಆಗಿಬರುತ್ತಿರಲಿಲ್ಲ. ಒಳಗಿನ ಸ್ಪ್ರಿಂಗನ್ನು ಓರೆಯಾಗಿಯೇ ಕೂರಿಸಬೇಕೆಂದು ತರನ್ನುಮ್‌ಳ ಹಟ. ನೆಟ್ಟಗಿಟ್ಟರೆ ಗಂಟೆಗೆ ಎಪ್ಪತ್ತು ಮುಗಿಯುತ್ತಿದ್ದವು, ಓರೆಯಿಟ್ಟರೆ ನಲವತ್ತು. ಈ ಹುಡುಗಿಗೆ ತಲೆ ಕೆಟ್ಟಿದೆ ಎಂದು ಚಿಕ್ಕಬೋರಮ್ಮ ಆರು ತಿಂಗಳಿಂದ ಗೊಣಗುತ್ತಲೇ ಇದ್ದಳು.

ಎಣಿಕೆ ಆರು ಸಾವಿರ ದಾಟಿತು. ಸ್ವಿಚ್ಚಿನೊಳಗೆ ಚಿಟ್ ಎಂದಿತು. ಒಗ್ಗರಣೆಯಲ್ಲಿ ಅರಿಶಿನ ಸೀದ ವಾಸನೆ.

"ಏನಮ್ಮ ಇದು ವಾಸನೆ?" ಮೇಡಂ ಮೂಗು ಅರಳಿಸಿದರು. ತರನ್ನುಮ್ ಬಗ್ಗಿ ಯಂತ್ರದ ಹತ್ತಿರ ಮೂಸಿದಳು.

ಚಿಕ್ಕಬೋರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಮೇಡಮ್ಮೋರೇ, ನಿಲ್ಸಿ ಅದ್ನ! ಈ ಮಗೀದೇನೂ ತಪ್ಪಿಲ್ಲ. ಸುಕ್ರವಾರ ಅಂತ ನಾನೇ ಕುಂಕುಮ ಇಟ್ಟೆ, ಒಳೀಕ್ ಓಗ್ಬುಡ್ತು. ಅದ್ನ ಬುಟ್ಟು ಬ್ಯಾರೇದು ತಕಳಿ, ನಿಮ್ಮ ದಮ್ಮಯ್ಯ!"

"ಬೋರಕ್ಕಾ! ಮೂರು ಗಂಟೆ ಹೊತ್ತಿಂದ ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?" ತರನ್ನುಮ್ ಕಿರುಚಿದಳು.

ಮೇಡಂ ಯಂತ್ರ ನಿಲ್ಲಿಸಲಿಲ್ಲ. "ನಾನೇ ಆರಿಸಿದ್ದು, ನಾನೇ ಸಹಿ ಹಾಕಿದ್ದು. ಬದಲಾಯಿಸೋ ಹಾಗಿಲ್ಲ. ಪಾಸೋ ನಪಾಸೋ, ಇದರ ಮೇಲೇ."

ಅಲ್ಲಿಂದ ಶೆಡ್ಡಿನಲ್ಲಿ ಯಾರೂ ಕೂರಲಿಲ್ಲ. ಮೇಡಂಗೆಂದು ತರಿಸಿದ್ದ ವಡೆ ಪೊಟ್ಟಣದಲ್ಲೇ ತಣ್ಣಗಾಯಿತು. ಏಳು ಸಾವಿರ. ಎಂಟು ಸಾವಿರ. ಚಿಕ್ಕಬೋರಮ್ಮ ಮನೆದೇವರಿಗೆ ಮೊದಲು ಒಂದು ತೆಂಗಿನಕಾಯಿ, ಆಮೇಲೆ ಐದು, ಕೊನೆಗೆ ನೂರೊಂದು ಹರಕೆ ಹೊತ್ತಳು. ಒಂಬತ್ತು ಸಾವಿರದ ಒಂಬೈನೂರು ಆದಾಗ ಹೆಂಗಸರೆಲ್ಲ ಯಂತ್ರದ ಜೊತೆಗೆ ಗಟ್ಟಿಯಾಗಿ ಎಣಿಸತೊಡಗಿದರು. ಹತ್ತು ಸಾವಿರಕ್ಕೆ ತಗಡು ಹಾರಿಹೋಗುವಂತೆ ಕೂಗು ಎದ್ದಿತು.

"ತಡೀರಮ್ಮ, ಬಿಸಿ ನೋಡೋದು ಬಾಕಿ ಇದೆ," ಎಂದರು ಮೇಡಂ.

ಇನ್ನೂ ಒಂದು ಗಂಟೆ ಕರೆಂಟು ಹಾಯಿತು. ಕೋಣೆಗಿಂತ ಎಷ್ಟು ಹೆಚ್ಚು ಬಿಸಿಯೆಂದು ಅಳೆಯುವ ಮೀಟರು ನಲವತ್ತು ತೋರಿಸಿತು, ನಲವತ್ತೊಂಬತ್ತು ತೋರಿಸಿತು. ಐವತ್ತೆರಡು. ಐವತ್ತಮೂರು. ಚಿಕ್ಕಬೋರಮ್ಮ ಕಣ್ಣು ಮುಚ್ಚಿಕೊಂಡಳು. ತೆರೆದಾಗಲೂ ಐವತ್ತಮೂರೇ. ಹತ್ತು ನಿಮಿಷವಾದರೂ ಅದು ಅಲ್ಲಿಂದ ಕದಲಲಿಲ್ಲ.

"ಪಾಸ್," ಎಂದರು ಮೇಡಂ. ತರನ್ನುಮ್ ಓಡಿಬಂದು ಚಿಕ್ಕಬೋರಮ್ಮನನ್ನು ಅಪ್ಪಿಕೊಂಡಳು. ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು.

ಸ್ವಿಚ್ಚು ಬಿಚ್ಚಿ ನೋಡಿದರೆ ಕುಂಕುಮ ಒಂದು ಮೂಲೆಯಲ್ಲಿ ಕಪ್ಪಾಗಿ ಬಿದ್ದಿತ್ತು. ಕರೆಂಟು ಕೂಡುವ ಬೆಳ್ಳಿಯ ಬೊಟ್ಟುಗಳು ಮಾತ್ರ ಥಳಥಳ.

"ನೀನು ಬೈತಿದ್ದ ಓರೆ ಸ್ಪ್ರಿಂಗ್ ಕಣಕ್ಕ," ತರನ್ನುಮ್ ತೋರಿಸಿದಳು. "ಪ್ರತಿ ಸಲ ಒತ್ತಿದಾಗ್ಲೂ ಬೊಟ್ಟುಗಳು ಒಂದನ್ನೊಂದು ಉಜ್ಕೊಂಡು ಕೂಡ್ತವೆ. ಕಸ ಇದ್ರೆ ಪಕ್ಕಕ್ಕೆ ತಳ್ತವೆ."

"ಇದ್ನ ಮೊದ್ಲೇ ಯೋಳಿದ್ರೆ ನಾನ್ಯಾಕ್ ಆರ್ ತಿಂಗ್ಳು ಬೈತಿದ್ದೆ?"

ಮೇಡಂ ಕಾಗದ ಜೋಡಿಸಿಕೊಳ್ಳುತ್ತಾ ನಕ್ಕರು. "ನಮ್ಮಮ್ಮನೂ ಆಯುಧಪೂಜೆಗೆ ಮಿಕ್ಸಿಗೆ ಕುಂಕುಮ ಇಡ್ತಾರೆ, ಸ್ವಿಚ್ಚಿನ ಮೇಲೇ. ಧೂಳಿಗೆ ನಮ್ಮಲ್ಲಿ ಪರೀಕ್ಷೆ ಇದೆ. ಕುಂಕುಮಕ್ಕೆ ಯಾರೂ ಬರೆದಿಲ್ಲ ನೋಡಿ."

ಮರುದಿನ ಚಿಕ್ಕಬೋರಮ್ಮ ಬಂದಾಗ ಪರೀಕ್ಷೆಯ ಮೇಜಿನ ಮೇಲೆ, ಬಿಸಿ ಅಳೆಯುವ ಮೀಟರಿನ ಪಕ್ಕ, ಹೊಸದೊಂದು ಬಟ್ಟಲಿನ ತುಂಬ ಕುಂಕುಮವಿತ್ತು. ನಿನ್ನೆಯವರೆಗೆ ಶೆಡ್ಡಿನಲ್ಲಿ ಆರೇ ಪರೀಕ್ಷೆಗಳಿದ್ದವು. ಬಟ್ಟಲಿಗೆ ಚೀಟಿ ಅಂಟಿಸಿತ್ತು: ಪರೀಕ್ಷೆ ೭.

"ಇದೇನವ್ವ, ನೀನೂ ಪೂಜೆ ಸುರು ಅಚ್ಕಂಡ್ಯಾ?"

"ಪೂಜೆ ಅಲ್ಲ ಬೋರಕ್ಕ, ಟೆಸ್ಟು," ಎಂದಳು ತರನ್ನುಮ್, ಒಂದು ಸ್ವಿಚ್ಚನ್ನು ಅವಳ ಕೈಗಿಟ್ಟು. "ನೂರಕ್ಕೊಂದು ಸ್ವಿಚ್ಚಿಗೆ ನಿನ್ನೆ ಇಟ್ಟ ಹಾಗೇ ಧಾರಾಳವಾಗಿ ಇಡು. ಆಮೇಲೆ ಸೆರಗಲ್ಲಿ ಒರೆಸೋದು ಮರೀಬೇಡ."