ಸೀಮೆ ಹಸು

ಹಸುವಿನ ಕೊಂಬಿಗೆ ಎರಡು ದೇಶಗಳ ಬಾವುಟದ ಬಣ್ಣ ಬಳಿದದ್ದೂ ಆಯಿತು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ್ದೂ ಆಯಿತು. ಅದನ್ನು ಎಲ್ಲಿಗೆ ಕಳಿಸುತ್ತಿದ್ದಾರೆ ಎಂಬುದು ಮುನಿನಾರಾಯಣಮ್ಮನಿಗೆ ತಿಳಿದದ್ದು ಆಮೇಲೆ.

“ಅಡಗಲ್ಲಿ ಓಗ್ತದೆ ಕಣಕ್ಕಾ,” ಎಂದ ಊರಿನ ಡೇರಿ ಅಧ್ಯಕ್ಷ ಶ್ರೀರಾಮಪ್ಪ. “ಸಮುದ್ರದ ಮಧ್ಯೆ ಒಂದು ಚಿಕ್ಕ ದೇಶ ಐತಂತೆ. ಅವ್ರಿಗೆ ನಮ್ಮ ದೇಶದ ಕಾಣಿಕೆ. ಬೂದಿಕೋಟೆ ಕಡೆ ಒಳ್ಳೇ ಅಸು ಯಾವ್ದೈತೆ ಅಂತ ಡೆಲ್ಲಿಯೋರು ಕೇಳಿದ್ರು, ನಿಂದು ಏಳ್ದೆ. ಎಂಗೂ ಸೀಮೆ ಅಸು, ಸೀಮೆಗೇ ಓಗ್ಲಿ ಬಿಡು.”

“ನನ್ನ ಒಂದ್ ಮಾತು ಕೇಳ್ಬೇಕಿತ್ತಲ್ಲಪ್ಪಾ.”

“ಕೇಳಿದ್ರೆ ಬ್ಯಾಡ ಅಂತಿದ್ಯಾ?”

ಅನ್ನುತ್ತಿರಲಿಲ್ಲ. ಅವಳಿಗೆ ವಿಧವಾ ವೇತನ ಮಾಡಿಸಿಕೊಟ್ಟವನು ಶ್ರೀರಾಮಪ್ಪ. ಸೊಸೆ ರಾಧಳನ್ನು ಡೇರಿಯಲ್ಲಿ ಹಾಲು ಅಳೆಯುವ ಕೆಲಸಕ್ಕೆ ಸೇರಿಸಿದವನೂ ಅವನೇ. ಬದಲಿಗೆ ಇನ್ನೊಂದು ಹಸು ಕೊಡಿಸುತ್ತೇನೆ ಎಂದಿದ್ದ. ಯಾವ ಹಸು, ಯಾವಾಗ ಎಂದು ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ಅವಳು ಕೇಳಿರಲಿಲ್ಲ. ಈ ಹಸು ಹುಟ್ಟಿದ ವಾರಕ್ಕೇ ಅದರ ತಾಯಿ ಸತ್ತಿತ್ತು. ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗಾಲದಲ್ಲಿ ತನ್ನ ಹಳೇ ಸೀರೆ ಹೊದಿಸಿ ಬದುಕಿಸಿಕೊಂಡಿದ್ದಳು.

ಕಾರುಗಳು ಬಂದವು. ಡೆಲ್ಲಿಯ ಅಧಿಕಾರಿ ಇಳಿದು ಹಸುವನ್ನು ಮೆಚ್ಚಿದರು. ಅವರ ಹಿಂದೆಯೇ ಕೋಟು ತೊಟ್ಟು ಬೆವರುತ್ತ ಇಳಿದವನು ಆ ಚಿಕ್ಕ ದೇಶದ ಪ್ರತಿನಿಧಿ. ಅಧಿಕಾರಿ ಮೆಚ್ಚಿದ್ದನ್ನೆಲ್ಲ ಅವನೂ ಮೆಚ್ಚಿದ: ಹಸುವನ್ನು, ಕೊಟ್ಟಿಗೆಯನ್ನು, ಬಿಸಿಲನ್ನು. ಅಷ್ಟರಲ್ಲಿ ಶಾಮಿಯಾನದ ಮೈಕು ಕೈಕೊಟ್ಟಿತು. ಎಲ್ಲರೂ ಅದರ ಸುತ್ತ ಸೇರಿದಾಗ ಆತ ಮೆಲ್ಲಗೆ ಕೊಟ್ಟಿಗೆಗೆ ಬಂದು, ಹಸುವಿನ ಗಂಗೆದೊಗಲು ಸವರುತ್ತ, “ಅಮ್ಮಾ, ಇದು ನಿಮ್ಮದಾ?” ಎಂದು ತಮಿಳಿನಲ್ಲಿ ಕೇಳಿದ. ಹೆಸರು ಸುಬ್ರಮಣಿಯಂತೆ, ಮುತ್ತಜ್ಜ ಕಬ್ಬು ಕಡಿಯಲು ಹಡಗು ಹತ್ತಿ ಹೋದವನಂತೆ. ಹುಡುಗಿಯಾಗಿದ್ದಾಗ ಕೋರಮಂಡಲ್ ಚಿನ್ನದ ಗಣಿಯ ತಮಿಳು ಕೂಲಿಗಳ ಲೈನ್ ಮನೆಗಳಿಗೆ ಹಾಲು ಹಾಕುತ್ತ ಮುನಿನಾರಾಯಣಮ್ಮ ಕಲಿತಿದ್ದ ತಮಿಳು ಇನ್ನೂ ನಾಲಿಗೆಯ ಮೇಲಿತ್ತು.

“ನನ್ನದೇ,” ಎಂದಳು ಅವಳೂ ತಮಿಳಿನಲ್ಲಿ.

“ಸಂತೋಷವಾಗಿ ಕೊಡುತ್ತಿದ್ದೀರಾ?”

“ನೀವು ಸಂತೋಷವಾಗಿ ತಗೊಳ್ತಾ ಇದ್ದೀರಾ?”

ಸುಬ್ರಮಣಿ ಶಾಮಿಯಾನದ ಕಡೆ ಒಮ್ಮೆ ನೋಡಿದ. “ನಾವು ಕೇಳಿದ್ದು ಆಸ್ಪತ್ರೆಗೆ ರಕ್ತ ಶುದ್ಧಿ ಮಾಡುವ ಯಂತ್ರ. ಕೊಟ್ಟಿರುವುದು ಹಸು. ನಮ್ಮದು ಉಪ್ಪುಗಾಳಿಯ ನೆಲ, ಹಸು ಮೇಯುವಂಥ ಹುಲ್ಲಿಲ್ಲ. ಹಿಂದೆ ಬಂದ ಹಸುಗಳು ಒಂದು ಬೇಸಿಗೆಯನ್ನೂ ದಾಟಲಿಲ್ಲ.”

ಮುನಿನಾರಾಯಣಮ್ಮನ ಕೈಯಲ್ಲಿದ್ದ ಹಗ್ಗ ಬಿಗಿಯಾಯಿತು. “ಬೇಡ ಅಂತ ಹೇಳಿ ಮತ್ತೆ!”

“ಹೇಗೆ ಹೇಳಲಿ? ಚಂಡಮಾರುತ ಬಂದಾಗ ಮೊದಲು ಅಕ್ಕಿ ಕಳಿಸುವವರು ಇವರೇ. ನೀವು ಹೇಳಿ. ನಿಮ್ಮ ಹಸು.”

“ನಾನು ಹೇಗೆ ಹೇಳ್ಲಿ?” ಅವಳು ಮೈಕಿನ ಬಳಿ ಕೂಗಾಡುತ್ತಿದ್ದ ಶ್ರೀರಾಮಪ್ಪನನ್ನು ಕಣ್ಣಲ್ಲೇ ತೋರಿಸಿದಳು. “ನಮ್ಮ ಮನೆ ಅಕ್ಕಿ ಅವನ ಕೈಲಿದೆ.”

ಹಸು ಕೊರಳಿನ ಹಾರ ತಿನ್ನಲು ನೋಡುತ್ತಿತ್ತು.

ಮೈಕು ಸರಿಹೋಯಿತು. ಎರಡು ದೇಶಗಳ ಹಳೆಯ ನಂಟಿನ ಬಗ್ಗೆ ಅಧಿಕಾರಿ ಮಾತಾಡಿದರು. ಮುನಿನಾರಾಯಣಮ್ಮನ ಕೈಯಿಂದ ಹಗ್ಗ ತೆಗೆದುಕೊಂಡು ಶ್ರೀರಾಮಪ್ಪ ಅಧಿಕಾರಿಗೆ ಕೊಟ್ಟ, ಅವರು ಸುಬ್ರಮಣಿಗೆ ಕೊಟ್ಟರು. ಹಸು ಕತ್ತು ತಿರುಗಿಸಿ ತನ್ನನ್ನು ಹುಡುಕುತ್ತಿದೆ ಎಂದು ಗೊತ್ತಾಗಿ ಅವಳು ನೆಲ ನೋಡುತ್ತ ನಿಂತಳು. ಸುಬ್ರಮಣಿ ಇಂಗ್ಲಿಷಿನಲ್ಲಿ ಧನ್ಯವಾದ ಹೇಳತೊಡಗಿದ. ಪಕ್ಕದಲ್ಲಿ ನಿಂತಿದ್ದ ಪಶು ಡಾಕ್ಟರು ಅದನ್ನು ಕನ್ನಡಕ್ಕೆ ತಿರುಗಿಸುತ್ತ ಹೋದರು: “ಈ ಸ್ನೇಹವನ್ನು ನಮ್ಮ ಜನ ಎಂದೂ ಮರೆಯುವುದಿಲ್ಲ. ಈ ಕ್ಷಣದಿಂದ ಈ ಹಸು ನಮ್ಮ ದೇಶದ ಸ್ವತ್ತು. ಆದ್ದರಿಂದ, ನಮ್ಮ ದೇಶದ ಪರವಾಗಿ, ಇದನ್ನು ಸಾಕಿದ ಈ ತಾಯಿಗೆ, ಇದೇ ಹಸುವನ್ನು…” ಡಾಕ್ಟರು ತಡೆದು ಸುಬ್ರಮಣಿಯ ಮುಖ ನೋಡಿದರು. ಆತ ತಲೆಯಾಡಿಸಿದ. “…ಕಾಣಿಕೆಯಾಗಿ ಕೊಡುತ್ತಿದ್ದೇವೆ.”

ಸುಬ್ರಮಣಿ ನಡೆದು ಬಂದು ಹಗ್ಗವನ್ನು ಮುನಿನಾರಾಯಣಮ್ಮನ ಕೈಗಿಟ್ಟ. ಕ್ಯಾಮೆರಾಗಳು ಎದುರಿಗಿದ್ದುದರಿಂದ ಅಧಿಕಾರಿಯ ನಗು ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಶ್ರೀರಾಮಪ್ಪನೂ ತಟ್ಟಿದ.

ಹೊರಡುವಾಗ ಅವಳು ಕಾರಿನ ಕಿಟಕಿಯ ಬಳಿ ಓಡಿಹೋದಳು. “ನಿನಗೆ ತೊಂದರೆ ಆಗಲ್ವಾ ಮಗನೇ?”

“ಆಗುತ್ತೆ. ಯಂತ್ರ ಇನ್ನೂ ತಡವಾಗುತ್ತೆ,” ಎಂದ ಸುಬ್ರಮಣಿ, ಬಂಗಾರಪೇಟೆ ರೈಲು ತಡವಂತೆ ಅನ್ನುವ ಹಾಗೆ. ಅದಕ್ಕೆ ಕಾದಿರುವವರು ಯಾರು ಎಂದು ಅವಳು ಕೇಳುವಷ್ಟರಲ್ಲಿ ಕಾರು ಹೊರಟಿತು. ಧೂಳು ಅಡಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

ಮರುದಿನ ಬೆಳಗ್ಗೆ ಅವಳು ಹಾಲು ಕರೆಯುತ್ತಿದ್ದಾಗ ಶ್ರೀರಾಮಪ್ಪ ಬಂದ. ಊರಿನ ಯಾವ ಕೊಟ್ಟಿಗೆಗಾದರೂ ಚಪ್ಪಲಿ ಕಾಲಲ್ಲೇ ನುಗ್ಗುತ್ತಿದ್ದವನು ಇವತ್ತು ಬಾಗಿಲಾಚೆ ನಿಂತ.

“ಡೆಲ್ಲಿಯಿಂದ ಫೋನ್ ಬಂದಿತ್ತಕ್ಕಾ. ಈ ಅಸು ಬೇರೆ ದೇಶದೋರು ಕೊಟ್ಟಿರೋದಂತೆ, ಯಾರೂ ತಂಟೆಗೆ ಓಗ್ಬಾರ್ದಂತೆ.” ಗಂಟಲು ಸರಿಮಾಡಿಕೊಂಡ. “ಒಳಿಕ್ ಬರ್ಬೋದಾ?”

ಮುನಿನಾರಾಯಣಮ್ಮ ತಿರುಗಿ ನೋಡಲಿಲ್ಲ.

“ಅಲ್ಲೇ ಇರಪ್ಪಾ,” ಎಂದು ಇನ್ನೊಂದು ಮೊಲೆಗೆ ಕೈ ಹಾಕಿದಳು.