ಬೆನ್ನ ಹಿಂದಿನ ಅಲೆ

"ನದಿಯಲ್ಲಿ ದೋಣಿಗಳ ವೇಗ ಅರ್ಧಕ್ಕಿಳಿಸುವ ನಿಯಮ ಬೇಡ ಎನ್ನುವವರು ಕೈ ಎತ್ತಿ" ಎಂದರು ಅಧಿಕಾರಿ. ಲಾಂಚ್ ಚಾಲಕನ ಕೈ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಪಕ್ಕದಲ್ಲೇ ಅಕ್ಕ ಕೂತಿದ್ದಳು. ಹೋದ ತಿಂಗಳು ಯಾವುದೋ ಲಾಂಚ್ ಎಬ್ಬಿಸಿದ ಅಲೆಗೆ ಭಾವನ ಪುಟ್ಟ ದೋಣಿ ಮಗುಚಿತ್ತು, ಭಾವ ಉಳಿಯಲಿಲ್ಲ.

"ಪಾಠ ಒಪ್ಪಿಸಲಾರದ ಹುಡುಗನ ಹಾಗೆ ಯಾಕೋ ಮುದುಡ್ಕೊಂಡಿದೀಯ?" ಎಂದಳು ಅಕ್ಕ. "ಟ್ರಿಪ್ ಅರ್ಧ ಆದ್ರೆ ನಿನ್ನ ಮಕ್ಕಳು ಗಾಳಿ ತಿಂತಾವಾ? ನೀನೇನು ಆ ಪಾಪಿ ಥರ ಓಡಿಸೋನಲ್ಲ."

ಲಾಂಚ್ ನಡೆಸುವವನ ಕಣ್ಣು ಸದಾ ಮುಂದಕ್ಕೆ. ಅಲೆ ಏಳುವುದು ಬೆನ್ನ ಹಿಂದೆ. ಅವತ್ತು ಅವನೂ ತಿರುಗಿ ನೋಡಿರಲಿಲ್ಲ. ಆ ಹೊತ್ತಿನಲ್ಲಿ ನದಿಯಲ್ಲಿದ್ದದ್ದು ತನ್ನದೊಂದೇ ಲಾಂಚ್ ಎಂಬುದು ಅವನಿಗೆ ಮಾತ್ರ ಗೊತ್ತಿತ್ತು.

"ಅಕ್ಕಾ..." ಎಂದು ಬಾಯಿ ತೆರೆದ. ಅವಳು ಅವನ ಮೊಣಕೈ ಹಿಡಿದು ಮೇಲಕ್ಕೆತ್ತಿದಳು. ಅವನು ಬಿಡಿಸಿಕೊಳ್ಳಲಿಲ್ಲ.